ಮಿನ್ ಗೆರೆ ಕೆಳಗಿದೆ, ನೀರು ಹಾಕ್ಬಿಡ್ಲಾ?

ಇವತ್ತಿನ ವಿಷಯ ಹೇಳಿದ ತಕ್ಷಣ ‘ಇದು ನಮಗ್ಯಾಕಪ್ಪ’ ಅನ್ನಿಸಬಹುದು. ಕ್ಯಾರವಾನ್ ಗೊತ್ತಲ್ಲ, ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಚಕ್ರದ ಮನೆ? ಆ ಮನೆಯನ್ನ ಬೆಚ್ಚಗಿಡೋಕೆ ಅದರೊಳಗೆ ಒಂದು ದ್ರವ ಸುತ್ತಾಡ್ತಾ ಇರುತ್ತೆ. ಅದರ ಮಟ್ಟ ನೋಡೋದು ಹೇಗೆ, ಕಡಿಮೆ ಆಗಿದ್ರೆ ಏನು ಮಾಡ್ಬೇಕು. ಇಷ್ಟೇ ವಿಷಯ. ಆದ್ರೆ ಈ ಸಣ್ಣ ವಿಷಯದಲ್ಲಿ ಒಂದು ಸಂಸಾರದ ಚಳಿಗಾಲದ ರಜೆ ಸಿಕ್ಕಿಹಾಕ್ಕೊಂಡಿತ್ತು.

ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಕೆಲಸದಲ್ಲಿರೋ ನಮ್ಮ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡಿದ್ದಾರೆ. ಫೆಬ್ರವರಿಯಲ್ಲಿ ಮಗಳ ಸ್ಕೂಲಿಗೆ ಒಂದು ವಾರ ರಜ. ಹೆಂಡತಿ ಮತ್ತು ಆರು ವರ್ಷದ ಮಗಳನ್ನ ಕರ್ಕೊಂಡು ದೇಶದ ಉತ್ತರ ತುದಿಯ ಅಬಿಸ್ಕೊಗೆ ಹೋಗೋದು, ರಾತ್ರಿ ಆಕಾಶದಲ್ಲಿ ಕುಣಿಯೋ ಆ ಹಸಿರು ಬೆಳಕು ನೋಡೋದು ಅಂತ ಪ್ಲಾನ್. ಒಂದು ಕಡೆಗೇ 1500 ಕಿಲೋಮೀಟರ್‌ಗಿಂತ ಜಾಸ್ತಿ ದಾರಿ. ಅಲ್ಲಿ ಚಳಿಗಾಲದ ರಾತ್ರಿ ಮೈನಸ್ 20 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಹೊರಡೋಕೆ ಹತ್ತು ದಿನ ಇದೆ ಅನ್ನುವಾಗ ಬಟ್ಟೆ ಬೀರು ತೆಗೆದು ಹೀಟಿಂಗ್ ಟ್ಯಾಂಕ್ ನೋಡಿದ್ದಾರೆ. ದ್ರವ ಮಿನ್ ಗೆರೆಗಿಂತ ಎರಡು ಬೆರಳು ಕೆಳಗೆ. ಅವರ ಪ್ರಶ್ನೆ ಇದು: “ಗುರು, ಅಡುಗೆಮನೆ ನಲ್ಲಿಯಿಂದ ಒಂದು ಜಗ್ ನೀರು ಹಾಕ್ಬಿಡ್ಲಾ?”

ನಾನು ಬಿ.ಕಾಂ. ಓದಿದವನು, ರಿಪೇರಿ ನನ್ನ ಕಸುಬಲ್ಲ. ಆದ್ರೆ ಕೂತು ಓದಿ, ಅವರ ಜೊತೆ ಮೂರ್ನಾಲ್ಕು ಸಲ ಮಾತಾಡಿದ ಮೇಲೆ ಗೊತ್ತಾಯ್ತು, ಇದು ಪಕ್ಕಾ ಲೆಕ್ಕಪತ್ರದ ಪ್ರಶ್ನೆ.

ಒಳಗೆ ಏನು ನಡೆಯುತ್ತೆ?

ಬಹಳಷ್ಟು ಕ್ಯಾರವಾನ್‌ಗಳಲ್ಲಿ ಫ್ಯಾನ್ ಹಾಕಿ ಬಿಸಿಗಾಳಿ ಊದ್ತಾರೆ. ಕಡು ಚಳಿಗೆ ಅಂತ ಮಾಡಿದ ಗಾಡಿಗಳಲ್ಲಿ ಇನ್ನೊಂದು ಥರ ಇದೆ. ಸ್ವೀಡನ್‌ನದೇ ಆದ ಆಲ್ಡೆ ಕಂಪನಿಯ ವ್ಯವಸ್ಥೆ ಯುರೋಪಿನಲ್ಲಿ ಇದಕ್ಕೆ ಹೆಸರುವಾಸಿ. ಒಂದು ಬಾಯ್ಲರ್ ಇರುತ್ತೆ. ಗ್ಯಾಸಲ್ಲೂ ಓಡುತ್ತೆ, ಕ್ಯಾಂಪಿಂಗ್ ಜಾಗದಲ್ಲಿ ಕರೆಂಟ್ ಸಿಕ್ಕಿದ್ರೆ ಅದ್ರಲ್ಲೂ ಓಡುತ್ತೆ. ಅದು ಕಾಯಿಸೋದು ನೀರು ಮತ್ತು ಗ್ಲೈಕಾಲ್ ಬೆರೆಸಿದ ದ್ರವವನ್ನ. 12 ವೋಲ್ಟಿನ ಚಿಕ್ಕ ಪಂಪ್ ಆ ಬಿಸಿ ದ್ರವವನ್ನ ಪೈಪಲ್ಲಿ ಗಾಡಿ ಪೂರ್ತಿ ಸುತ್ತಿಸುತ್ತೆ. ಗೋಡೆ ಬುಡದಲ್ಲಿ ರೆಕ್ಕೆ ರೆಕ್ಕೆ ಥರದ ಲೋಹದ ಪಟ್ಟಿಗಳಿರ್ತವೆ. ಅವು ಬಿಸಿಯಾಗಿ, ಮಂಚದ ಹಿಂದೆ, ಸೋಫಾದ ಹಿಂದೆ ಬೆಚ್ಚನೆ ಗಾಳಿ ಮೆಲ್ಲಗೆ ಮೇಲೇಳುತ್ತೆ. ಶಬ್ದ ಇಲ್ಲ, ಮುಖಕ್ಕೆ ಒಣಗಾಳಿ ಹೊಡೆಯಲ್ಲ.

ಬಿಸಿಯಾದ ದ್ರವ ಹಿಗ್ಗುತ್ತಲ್ಲ, ಆ ಹಿಗ್ಗಿದ ಭಾಗಕ್ಕೆ ಜಾಗ ಬೇಕು. ಅದಕ್ಕೇ ಬೀರುವಿನಲ್ಲಿ ಒಂದು ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಇಟ್ಟಿರ್ತಾರೆ. ಅದರ ಮೇಲೆ ಎರಡು ಗೆರೆ, ಮಿನ್ ಮತ್ತು ಮ್ಯಾಕ್ಸ್. ನಾವು ನೋಡ್ಬೇಕಾಗಿರೋದು ಅದನ್ನೇ. ಒಂದು ಎಚ್ಚರಿಕೆ: ಸ್ನಾನಕ್ಕೆ, ಪಾತ್ರೆ ತೊಳೆಯೋಕೆ ಇರೋ ನೀರಿನ ಟ್ಯಾಂಕೇ ಬೇರೆ, ಇದೇ ಬೇರೆ. ಎರಡರ ಬಾಯಿ ಅದಲುಬದಲು ಮಾಡ್ಕೊಂಡ್ರೆ ದೊಡ್ಡ ಅನಾಹುತ. ಯಾಕೆ ಅನ್ನೋದನ್ನ ಮುಂದೆ ಹೇಳ್ತೀನಿ.

ನೋಡೋ ಕ್ರಮ

ಮಟ್ಟ ನೋಡೋದಕ್ಕೆ ಮೂರು ನಿಯಮ. ಒಂದು, ವ್ಯವಸ್ಥೆ ತಣ್ಣಗಿರಬೇಕು. ಹೀಟರ್ ಆಫ್ ಮಾಡಿ ಕೆಲವು ಗಂಟೆ ಬಿಡಿ. ಬಿಸಿ ಇದ್ದಾಗ ನೋಡಿದ್ರೆ ಹಿಗ್ಗಿದ ದ್ರವ ‘ಎಲ್ಲಾ ಸರಿಯಾಗಿದೆ’ ಅಂತ ಸುಳ್ಳು ಹೇಳುತ್ತೆ. ಬಿಸಿ ಇರೋವಾಗ ಮುಚ್ಚಳ ತೆಗೆಯೋ ಸಾಹಸವೂ ಬೇಡ, ಕೈ ಸುಡುತ್ತೆ. ಎರಡು, ಗಾಡಿ ಸಮತಟ್ಟಾಗಿ ನಿಂತಿರಬೇಕು. ಇಳಿಜಾರಲ್ಲಿ ನಿಂತ್ರೆ ಗೆರೆಯೂ ವಾಲುತ್ತೆ. ಮೂರು, ತಣ್ಣಗಿದ್ದಾಗ ದ್ರವ ಮಿನ್ ಗೆರೆಗಿಂತ ಸುಮಾರು 1 ಸೆಂಟಿಮೀಟರ್ ಮೇಲಿದ್ರೆ ಸಾಕು. ಮ್ಯಾಕ್ಸ್ ತನಕ ತುಂಬಿಸೋ ಹಠ ಬೇಡ, ಬಿಸಿಯಾದಾಗ ಹಿಗ್ಗೋಕೆ ಜಾಗ ಬೇಕು.

ನಿಮ್ಮ ಕೈಯಲ್ಲಿ ಫೋನ್ ಇದ್ದೇ ಇದೆ. ಪ್ರತಿ ತಿಂಗಳು ಅದೇ ಕೋನದಿಂದ ಒಂದು ಫೋಟೋ ತೆಗೀರಿ. ತಾರೀಕು ತಾನೇ ದಾಖಲಾಗುತ್ತೆ. ಒಂದು ಸಲ ನೋಡಿದ ಮಟ್ಟದಿಂದ ಹೆಚ್ಚೇನೂ ಗೊತ್ತಾಗಲ್ಲ. ಆರು ತಿಂಗಳ ಆರು ಫೋಟೋ ಅಕ್ಕಪಕ್ಕ ಇಟ್ರೆ ಕಥೆ ತಾನೇ ಬಿಚ್ಕೊಳ್ಳುತ್ತೆ.

ಗಲ್ಲಾಪೆಟ್ಟಿಗೆ ಲೆಕ್ಕ

ಈಗ ನೀರಿನ ಜಗ್ ವಿಷಯಕ್ಕೆ ಬರೋಣ. ಕಿರಾಣಿ ಅಂಗಡಿ ಇದೆ ಅಂದ್ಕೊಳ್ಳಿ. ರಾತ್ರಿ ಬಾಗಿಲು ಹಾಕುವಾಗ ಗಲ್ಲಾ ಎಣಿಸಿದ್ರೆ 500 ರೂಪಾಯಿ ಕಮ್ಮಿ. ಮಾಲೀಕ ‘ಹೋಗ್ಲಿ ಬಿಡು’ ಅಂತ ತನ್ನ ಜೇಬಿಂದ 500 ಹಾಕಿ ಲೆಕ್ಕ ಸರಿ ಮಾಡ್ತಾನೆ. ಪುಸ್ತಕ ಟ್ಯಾಲಿ ಆಯ್ತು. ದುಡ್ಡು ಎಲ್ಲಿ ಹೋಯ್ತು ಅನ್ನೋ ಪ್ರಶ್ನೆ ಸತ್ತೇ ಹೋಯ್ತು. ನಾಳೆ ಮತ್ತೆ 500 ಹೋಗುತ್ತೆ.

ಕಾರಣ ಹುಡುಕದೆ ಟ್ಯಾಂಕಿಗೆ ನೀರು ಹಾಕೋದು ಇದೇ ಕೆಲಸ. ಅದೂ ಅಲ್ಲದೆ ಇಲ್ಲಿ ಹೋಗಿದ್ದು 500ರ ನೋಟು, ಹಾಕಿದ್ದು ಬಿಳಿ ಹಾಳೆ. ಸಾಮಾನ್ಯವಾಗಿ ಈ ದ್ರವದಲ್ಲಿ 40 ಭಾಗ ಗ್ಲೈಕಾಲ್, 60 ಭಾಗ ನೀರು ಇರ್ಬೇಕು. ಹಾಗಿದ್ರೆ ಸುಮಾರು ಮೈನಸ್ 25 ಡಿಗ್ರಿವರೆಗೂ ಹೆಪ್ಪುಗಟ್ಟಲ್ಲ. ಇನ್ನೂ ಜಾಸ್ತಿ ಚಳಿಗೆ ಹೋಗೋರು ಗ್ಲೈಕಾಲ್ ಹೆಚ್ಚಿಸ್ಬಹುದು, ಆದ್ರೆ 50 ಭಾಗ ದಾಟಬಾರದು. ದಾಟಿದ್ರೆ ದ್ರವ ಮಂದವಾಗುತ್ತೆ, ಶಾಖ ಹೊರೋ ಶಕ್ತಿಯೂ ಕುಗ್ಗುತ್ತೆ.

ಸುಲಭಕ್ಕೆ ಒಟ್ಟು 10 ಲೀಟರ್ ಇದೆ ಅಂದ್ಕೊಳ್ಳಿ. 1 ಲೀಟರ್ ಸೋರಿ ಹೋಯ್ತು, ನೀವು 1 ಲೀಟರ್ ನೀರು ಹಾಕಿದ್ರಿ. 40 ಭಾಗ ಇದ್ದ ಗ್ಲೈಕಾಲ್ 36ಕ್ಕೆ ಬಂತು. ಮತ್ತೊಂದು ಸಲ ಹಾಗೇ ಆಯ್ತು, 32.4. ಮೂರನೇ ಸಲ, 29.2. ಕಾಮರ್ಸ್ ಓದಿರೋರಿಗೆ ನೆನಪಾಗಿರುತ್ತೆ, ಡಿಪ್ರಿಸಿಯೇಷನ್‌ನಲ್ಲಿ ರಿಟನ್ ಡೌನ್ ವ್ಯಾಲ್ಯೂ ಅಂತ ಪರೀಕ್ಷೆಗೆ ಬರೀತಿದ್ವಲ್ಲ, ಅದೇ ಇದು. ಮೂರೂ ಸಲ ಮಟ್ಟ ಗೆರೆ ಮೇಲೇ ಇದೆ, ನೋಡೋರ ಕಣ್ಣಿಗೆ ಎಲ್ಲಾ ಚೆನ್ನಾಗಿದೆ. ಒಳಗೆ ಮಾತ್ರ ಹೆಪ್ಪುಗಟ್ಟೋ ಬಿಂದು ಮೈನಸ್ 25ರಿಂದ ಸುಮಾರು ಮೈನಸ್ 15ಕ್ಕೆ ಏರಿ ಕೂತಿದೆ.

ಹೀಟರ್ ಓಡ್ತಾ ಇರೋವರೆಗೂ ಏನೂ ಆಗಲ್ಲ, ದ್ರವ ಬಿಸಿ ಇರುತ್ತೆ. ಮಧ್ಯರಾತ್ರಿ ಗ್ಯಾಸ್ ಖಾಲಿಯಾದ್ರೆ? ಪಂಪ್ ಕೈಕೊಟ್ರೆ? ಮನೆ ಮುಂದೆ ವಾರಗಟ್ಟಲೆ ಸುಮ್ನೆ ನಿಲ್ಲಿಸಿದ್ರೆ? ನೀರು ಮಂಜುಗಡ್ಡೆ ಆಗುವಾಗ ಶೇಕಡ 9ರಷ್ಟು ಹಿಗ್ಗುತ್ತೆ. ನೀರು ಹೆಚ್ಚಿರೋ ದ್ರವ ಪೈಪೊಳಗೆ ಗಟ್ಟಿಯಾದ್ರೆ ಮೊದಲು ಹರಿವು ನಿಲ್ಲುತ್ತೆ, ಆಮೇಲೆ ಪೈಪು, ಜಾಯಿಂಟುಗಳ ಸರದಿ.

ಇನ್ನೊಂದು ನಷ್ಟವೂ ಇದೆ. ಈ ಪೈಪುಗಳಲ್ಲಿ, ಪಟ್ಟಿಗಳಲ್ಲಿ ಅಲ್ಯೂಮಿನಿಯಂ ಇರುತ್ತೆ. ಅದು ಸವೆಯದ ಹಾಗೆ ಕಾಯೋ ರಾಸಾಯನಿಕಗಳು ಗ್ಲೈಕಾಲ್ ಜೊತೆಗೇ ಬೆರೆತಿರ್ತವೆ. ನೀರು ಹಾಕಿದಷ್ಟೂ ಅವೂ ತೆಳುವಾಗ್ತವೆ. ನಲ್ಲಿ ನೀರಾದ್ರೆ ಅದರ ಲವಣಾಂಶ ಬೇರೆ ಸೇರ್ಕೊಳ್ಳುತ್ತೆ.

ಎರಡು ನಂಬರ್, ನಾಲ್ಕು ಉತ್ತರ

ಹಾಗಾದ್ರೆ ಮಾಡ್ಬೇಕಾಗಿದ್ದೇನು? ಮಟ್ಟದ ಜೊತೆ ಇನ್ನೊಂದು ನಂಬರ್ ಬೇಕು, ಗ್ಲೈಕಾಲ್ ಪ್ರಮಾಣ. ಅದಕ್ಕೆ ರಿಫ್ರಾಕ್ಟೋಮೀಟರ್ ಅನ್ನೋ ಉಪಕರಣ ಇದೆ. ಒಂದು ಪೆನ್ ಟಾರ್ಚ್‌ನಷ್ಟು ಉದ್ದ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿದ್ರೆ ಹೆಪ್ಪುಗಟ್ಟೋ ಡಿಗ್ರಿ ಕಾಣುತ್ತೆ. ಎಥಿಲೀನ್ ಗ್ಲೈಕಾಲ್‌ಗೆ ಒಂದು ಅಳತೆಪಟ್ಟಿ, ಪ್ರೊಪಿಲೀನ್ ಗ್ಲೈಕಾಲ್‌ಗೆ ಬೇರೆ. ನಿಮ್ಮಲ್ಲಿರೋದು ಯಾವುದು ಅಂತ ತಿಳ್ಕೊಂಡು ಅದೇ ಪಟ್ಟಿ ಓದಿ. ಏನೇ ಆಗ್ಲಿ, ಹೊಸದು ಹಾಕೋ ಮುಂಚೆ ಅಳೀಬೇಕು. ಹಾಕಿದ ಮೇಲೆ ಅಳೆದ್ರೆ ಸಾಕ್ಷಿ ಅಳಿಸಿ ಪೊಲೀಸರನ್ನ ಕರೆದ ಹಾಗೆ.

ಈಗ ಎರಡೂ ನಂಬರ್ ಒಟ್ಟಿಗೆ ಓದಿ. ಮಟ್ಟ ತಿಂಗಳುಗಟ್ಟಲೆ ನಿಧಾನಕ್ಕೆ ಸ್ವಲ್ಪ ಇಳಿದಿದೆ, ಗ್ಲೈಕಾಲ್ ಪ್ರಮಾಣ ತುಸು ಏರಿದೆ ಅಂದ್ರೆ ನೀರು ಆವಿಯಾಗಿದೆ. ಎಥಿಲೀನ್ ಗ್ಲೈಕಾಲ್ ಕುದಿಯೋದು 197 ಡಿಗ್ರಿಯಲ್ಲಿ, ಅದು ಅಷ್ಟು ಸುಲಭವಾಗಿ ಆವಿಯಾಗಲ್ಲ. ಇಲ್ಲಿ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಹಾಕಿದ್ರೆ ತಪ್ಪೇನಿಲ್ಲ.

ಇತ್ತೀಚೆಗೆ ದ್ರವ ಬದಲಿಸಿದ್ದೀರಿ, ಮಟ್ಟ ಇಳಿದಿದೆ, ಪ್ರಮಾಣ ಹಾಗೇ ಇದೆ ಅಂದ್ರೆ ಬಹುಶಃ ಒಳಗಿದ್ದ ಗಾಳಿ ಹೊರಗೆ ಬಂದಿದೆ. ಪೈಪಲ್ಲಿ ಗುಳುಗುಳು ಶಬ್ದ, ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ, ಇವು ಗಾಳಿಯ ಲಕ್ಷಣ. ಗಾಳಿ ಬಿಡೋ ಸ್ಕ್ರೂಗಳಿರ್ತವೆ, ಅಲ್ಲಿಂದ ಬಿಟ್ಟು, ಅದೇ ಥರದ ದ್ರವ ತುಂಬಿ.

ದ್ರವ ಬದಲಿಸೇ ಇಲ್ಲ, ಪ್ರಮಾಣ ಹಾಗೇ ಇದೆ, ಮಟ್ಟ ಮಾತ್ರ ಇಳೀತಾನೇ ಇದೆ. ಇದು ಸೋರಿಕೆ. ಹುಡುಕಿ.

ಪ್ರಮಾಣವೇ ಕಡಿಮೆ ಬಂತು. ಇದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೋರಿಗೆ ಬಹಳ ಮುಖ್ಯ. ನಿಮಗಿಂತ ಮುಂಚೆ ಯಾರೋ ಜಗ್ ಹಿಡ್ಕೊಂಡು ಬಂದಿದ್ರು ಅಂತ ಅರ್ಥ. ಎಷ್ಟು ಸಲ, ಯಾವ ನೀರು, ಗೊತ್ತಿಲ್ಲ. ಪೂರ್ತಿ ಖಾಲಿ ಮಾಡಿ ಹೊಸ ದ್ರವ ತುಂಬಿಸೋದೇ ದಾರಿ. ಹೇಗೂ ಸಾಮಾನ್ಯ ಗ್ಲೈಕಾಲ್ ಆದ್ರೆ ಎರಡು ವರ್ಷಕ್ಕೊಮ್ಮೆ ಬದಲಿಸ್ಬೇಕು. ದೀರ್ಘಾವಧಿಯದು ಅಂತ ಮಾರೋದು ಐದು ವರ್ಷದವರೆಗೂ ಬರುತ್ತೆ. ಬಣ್ಣ ನೋಡಿ ಕೊಳ್ಳಬೇಡಿ. ಕೆಂಪು, ನೀಲಿ, ಗುಲಾಬಿ ಅನ್ನೋದು ತಯಾರಕರ ಇಷ್ಟ. ಒಂದಕ್ಕೊಂದು ಹೊಂದದ ಎರಡು ಬೆರೆತ್ರೆ ಒಳಗೆ ಗಸಿ ಕಟ್ಟಬಹುದು. ಗಾಡಿಯ ಕೈಪಿಡಿ ಹೇಳಿದ್ದನ್ನೇ ತನ್ನಿ.

ಮಂಚದ ಕೆಳಗೆ

ನಮ್ಮ ಕೇಳುಗರು ಮಾರನೇ ದಿನ ರಿಫ್ರಾಕ್ಟೋಮೀಟರ್ ತಂದು ಅಳೆದ್ರು. ಫೋಟೋ ಕಳಿಸಿದ್ರು. ಮೈನಸ್ 14.

ಅಲ್ಲಿಗೆ ಹಳೇ ಮಾಲೀಕರು ನೀರು ಹಾಕಿದ್ದು ಖಾತ್ರಿ ಆಯ್ತು. ಆದ್ರೆ ಯಾಕೆ ಹಾಕ್ತಿದ್ರು? ಟಾರ್ಚ್ ಹಿಡಿದು ಮಂಚದ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ಖಾಲಿ ಮಾಡಿ, ಪ್ರತಿ ರಬ್ಬರ್ ಜಾಯಿಂಟಿನ ಕೆಳಗೆ ಬಿಳಿ ಟಿಶ್ಯೂ ಒತ್ತಿ ನೋಡ್ತಾ ಹೋದ್ರು. ಮಗಳು ಮಲಗ್ಬೇಕಾಗಿದ್ದ ಮಂಚದ ಕೆಳಗೇ ಸಿಕ್ತು. ಒಂದು ಕ್ಲಿಪ್ ಸಡಿಲವಾಗಿತ್ತು. ಹಲಗೆ ಮೇಲೆ ಅಂಟಂಟು ಪದರ, ಸ್ವಲ್ಪ ಸಿಹಿ ವಾಸನೆ.

ಈ ಸಿಹಿಯೇ ಅಪಾಯ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಳಗೆ ಹೋದ್ರೆ ವಿಷ. ಕಿಡ್ನಿ ಹಾಳು ಮಾಡುತ್ತೆ. ಮಕ್ಕಳು ಬೆರಳು ಅದ್ದಿ ಬಾಯಿಗಿಟ್ಕೊಳ್ತಾರೆ, ನಾಯಿ ಬೆಕ್ಕು ನೆಕ್ಕುತ್ವೆ. ಕುಡಿಯೋ ನೀರಿನ ಟ್ಯಾಂಕ್ ಜೊತೆ ಗೊಂದಲ ಮಾಡ್ಕೋಬೇಡಿ ಅಂದಿದ್ದು ಇದಕ್ಕೇ. ಚೆಲ್ಲಿದ್ರೆ ತಕ್ಷಣ ನೀರು ಹಾಕಿ ಒರೆಸಿ, ಬಟ್ಟೆ ಮುಚ್ಚಿದ ಕವರಿಗೆ ಹಾಕಿ. ತೆಗೆದ ಹಳೇ ದ್ರವವನ್ನ ಮೋರಿಗೆ ಸುರೀಬೇಡಿ. ಸ್ವೀಡನ್‌ನಲ್ಲಿ ಅದನ್ನ ಅಪಾಯಕಾರಿ ತ್ಯಾಜ್ಯ ಅಂತ ನಗರಸಭೆಯ ಸಂಗ್ರಹ ಕೇಂದ್ರಕ್ಕೆ ಕೊಡ್ಬೇಕು. ಯಾರಾದ್ರೂ ಕುಡಿದಿರೋ ಅನುಮಾನ ಬಂದ್ರೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಿ.

ಕ್ಲಿಪ್ ಬಿಗಿ ಮಾಡೋದು ಹತ್ತು ನಿಮಿಷದ ಕೆಲಸ. ದ್ರವ ಪೂರ್ತಿ ಬದಲಿಸಿ, ಗಾಳಿ ತೆಗೆಯೋದಕ್ಕೆ ವರ್ಕ್‌ಶಾಪ್ ಬೇಕು. ಹತ್ತು ದಿನದೊಳಗೆ ಯಾವ ವರ್ಕ್‌ಶಾಪಲ್ಲೂ ಡೇಟ್ ಸಿಗಲಿಲ್ಲ. ಗಾಡಿ ಮನೆ ಮುಂದೆ ಉಳೀತು. ಮೂವರೂ ಸ್ಟಾಕ್‌ಹೋಮ್‌ನಿಂದ ಅಬಿಸ್ಕೊಗೆ ಹೋಗೋ ರಾತ್ರಿ ರೈಲು ಹತ್ತಿದ್ರು. ಮಗಳಿಗೆ ರೈಲಿನ ಮೇಲಿನ ಬರ್ತ್ ಸಿಕ್ಕಿದ್ದೇ ಸಂಭ್ರಮ. ಏಪ್ರಿಲ್‌ಗೆ ವರ್ಕ್‌ಶಾಪ್ ಬುಕ್ ಆಗಿದೆ. ಒಂದು ರಜೆಯ ಪ್ಲಾನ್ ಬದಲಾಯ್ತು, ನಿಜ. ಆದ್ರೆ ಮೈನಸ್ 20ರ ರಾತ್ರಿ, ಹತ್ತಿರದಲ್ಲಿ ಊರಿಲ್ಲದ ರಸ್ತೆಯಲ್ಲಿ, ಹೀಟರ್ ನಿಂತ ಗಾಡಿಯೊಳಗೆ ಮಗು ಇಟ್ಕೊಂಡು ಕೂರೋದರ ಮುಂದೆ ಅದು ತೀರಾ ಅಗ್ಗದ ಬೆಲೆ.

ಕ್ಯಾರವಾನ್ ಇಲ್ಲದ ನಮಗೆ?

ನಿಮ್ಮ ಲಿಕ್ವಿಡ್ ಕೂಲ್ಡ್ ಬೈಕಲ್ಲಿ, ಅಪ್ಪನ ಕಾರಲ್ಲಿ ಇಂಥದ್ದೇ ಡಬ್ಬ ಇದೆ, ಅದೇ ಎರಡು ಗೆರೆ ಇದೆ. ಬೆಂಗಳೂರಲ್ಲಿ ಏನೂ ಹೆಪ್ಪುಗಟ್ಟಲ್ಲ. ಆದ್ರೆ ಅದೇ ಕೂಲೆಂಟ್ ಕುದಿಯೋ ಬಿಂದುವನ್ನೂ ಮೇಲಕ್ಕೆ ಎತ್ತಿರುತ್ತೆ, ಎಂಜಿನ್ ಒಳಗಿನ ಲೋಹವನ್ನೂ ಕಾಯುತ್ತೆ. ಶಿರಾಡಿ ಘಾಟಿಯಲ್ಲಿ ಎಂಜಿನ್ ಕಾದು ನಿಂತಾಗ, ಆರಿದ ಮೇಲೆ ಬಾಟಲಿ ನೀರು ಹಾಕಿ ಊರು ಸೇರ್ಕೊಳ್ಳಿ, ಬೇರೆ ದಾರಿ ಇಲ್ಲ. ಅದು ಕೈಸಾಲ ಅಷ್ಟೇ. ಊರಿಗೆ ಬಂದ ಮೇಲೆ ಸಾಲ ತೀರಿಸಿ: ಎಲ್ಲಿ ಸೋರ್ತಿದೆ ಅಂತ ನೋಡಿಸಿ, ಕೂಲೆಂಟ್ ಬದಲಿಸಿ.

ಈ ವಾರ ಒಂದು ಕೆಲಸ ಮಾಡಿ. ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಆ ಡಬ್ಬದ ಒಂದು ಫೋಟೋ ತೆಗೆದಿಡಿ. ಮುಂದಿನ ತಿಂಗಳು ಇನ್ನೊಂದು. ಗೆರೆ ಇಳಿದಿದ್ರೆ ನನಗೂ ಕಳಿಸಿ, ಮಾತಾಡೋಣ.