ಸಮುದ್ರವೆಂಬ ಹೆಸರಿನ ಊರಿನಲ್ಲಿ

(ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ರೈತರು ಹಾಗೂ ಮೀನು ಸಾಕುವವರ ಮುಂದೆ ಮಾಡಿದ ಭಾಷಣ)



ಕಡಲೇ ಕಾಣದ ಈ ಸೀಮೆಯಲ್ಲಿ ಊರಿಗೆ ಸಮುದ್ರವೆಂದು ಹೆಸರಿಟ್ಟ ಹಿರಿಯರ ಎದೆಗಾರಿಕೆ ದೊಡ್ಡದು. ಆ ಹೆಸರಿನ ಸಲುಗೆಯಿಂದ, ನಿಜವಾದ ಸಮುದ್ರದ ಮೀನೊಂದರಿಂದ ಮಾತು ಆರಂಭಿಸುತ್ತೇನೆ.

ಆರೆಂಜ್ ರಫಿ ಎಂಬ ಆ ಮೀನು ಸುಮಾರು ಸಾವಿರ ಮೀಟರ್ ಆಳದಲ್ಲಿ, ಕಡಲತಳದ ಬೆಟ್ಟಗಳ ಸುತ್ತ ಗುಂಪುಗೂಡಿ ಮೊಟ್ಟೆಯಿಡುತ್ತದೆ. (ಬೆಟ್ಟವೆಂದರೆ ನಮಗೆ ಕಿವಿ ನಿಮಿರುತ್ತದೆ, ಕ್ಷಮಿಸಿ.) ಪ್ರಾಯಕ್ಕೆ ಬರಲು ಅದಕ್ಕೆ ಸುಮಾರು 30 ವರ್ಷ ಬೇಕು, ನೂರು ದಾಟಿ ಬದುಕುವುದೂ ಉಂಟು. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನಲ್ಲಿ ಅದರ ದೊಡ್ಡ ಬೇಟೆ ಮೊದಲಾಯಿತು. ಆರೇ ವರ್ಷಗಳ ಬೇಟೆಯಲ್ಲಿ ಆನುವಂಶಿಕ ವೈವಿಧ್ಯ ಕುಗ್ಗಿದ್ದನ್ನು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ವಿಚಿತ್ರವೆಂದರೆ, ದೂರದೂರದ ಸಾಗರಗಳ ಈ ಮೀನುಗಳ ವಂಶವಾಹಿಗಳಲ್ಲಿ ವ್ಯತ್ಯಾಸ ತೀರಾ ಕಡಿಮೆ. ‘ಎಲ್ಲ ಒಂದೇ ಕುಲ, ಇಲ್ಲಿ ಬರಿದಾದರೆ ಅಲ್ಲಿಂದ ಬಂದೀತು’ ಎನ್ನಬಹುದೇ? ಖಂಡಿತ ಕೂಡದು. ತಲೆಮಾರಿಗೆ ಕೆಲವೇ ಮೀನುಗಳು ವಲಸೆ ಬಂದರೂ ಕುಲ ಒಂದೇ ಆಗಿ ಉಳಿಯುತ್ತದೆ. ಬರಿದಾದ ಬೆಟ್ಟ ತುಂಬಲು ಆ ಕೆಲವು ಸಾಲವು. ನೆಂಟಸ್ತಿಕೆ ಬೇರೆ, ಕಣಜ ತುಂಬುವುದು ಬೇರೆ.

ಈಗ ನಿಮ್ಮ ಕೆರೆಗೆ ಬನ್ನಿ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ಹೊಳೆಗಳ ಮೀನುಗಳು. ನಿಂತ ನೀರಿನಲ್ಲಿ ಅವು ಮರಿಮಾಡುವುದಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮರಿಮಾಡಿಸಿದ ಮೇಲೆ ಬೀಜ ಸುಲಭವಾಯಿತು. ಅಪಾಯವೂ ಅಲ್ಲಿಯೇ ಹುಟ್ಟಿತು. ಒಂದು ತಾಯಿಮೀನು ಲಕ್ಷಗಟ್ಟಲೆ ಮೊಟ್ಟೆಯಿಡುವುದರಿಂದ ನಾಲ್ಕಾರು ಜೋಡಿಗಳಿಂದಲೇ ವ್ಯಾಪಾರ ಸಾಗಿಬಿಡುತ್ತದೆ. ಐದು ಗಂಡು, ಐದು ಹೆಣ್ಣು ಮಾತ್ರವಿದ್ದರೆ ಪ್ರತಿ ತಲೆಮಾರಿಗೆ ಒಳಸಂಬಂಧ ಶೇಕಡಾ 5ರಷ್ಟು ಏರುತ್ತದೆ. ಇಪ್ಪತ್ತೈದು ಜೋಡಿಯಿದ್ದರೆ ಶೇಕಡಾ 1ರಷ್ಟು. ಬೆಳವಣಿಗೆ ಕುಂದಿದಾಗ ನಾವು ನೀರನ್ನು, ಮೇವನ್ನು ದೂರುತ್ತೇವೆ. ಬೀಜದ ಮೂಲವನ್ನು ಯಾರೂ ಕೇಳುವುದಿಲ್ಲ. ಭುವನೇಶ್ವರದ ಸಿಹಿನೀರು ಮೀನು ಸಂಸ್ಥೆ ‘ಜಯಂತಿ ರೋಹು’ ತಳಿಯನ್ನು ರೂಪಿಸುವಾಗ ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿಗಳ ಮೀನನ್ನು ಕೂಡಿಸಿದ್ದು ವೈವಿಧ್ಯದ ಬೆಲೆ ಅರಿತೇ.

ಬೀಜದ ವ್ಯಾನು ಬಂದಾಗ ಎರಡು ಪ್ರಶ್ನೆ ಕೇಳಿ: ತಾಯಿಮೀನುಗಳು ಎಷ್ಟು? ಎಲ್ಲಿಂದ ತಂದವು? ಉತ್ತರವನ್ನು ಪುಸ್ತಕದಲ್ಲಿ ಬರೆದಿಡಿ. ಯಾರೂ ಬೀಜ ಹಾಕದೆಯೇ ಇಲ್ಲಿ ಬಾಳುವ ಕೊರಮೀನನ್ನೂ ಮರೆಯಬೇಡಿ; ಕೆರೆ ಬತ್ತುವಾಗ ತೂಬಿನ ಬಳಿಯ ಕೊನೆಯ ಗುಂಡಿಯನ್ನು ಬಳಿದು ಬರಿದು ಮಾಡದೆ ಅದಕ್ಕೆ ಬಿಟ್ಟುಕೊಡಿ.