ಸತ್ತ ಮಂಗನ ಸುದ್ದಿ ಸಮ್ಮೇಳನಕ್ಕೂ ತಲುಪಲಿ



ಪಶು ರೋಗಶಾಸ್ತ್ರಜ್ಞರ ವಾರ್ಷಿಕ ಸಮ್ಮೇಳನವೆಂಬುದು ಮಲೆನಾಡಿನ ಕೃಷಿಕನಿಗೆ ಸಂಬಂಧಪಡದ ಸಂಗತಿಯೆಂದು ಮೇಲ್ನೋಟಕ್ಕೆ ತೋರಬಹುದು. ದನಕ್ಕೆ ಮದ್ದು ಕೊಡುವ ವೈದ್ಯನನ್ನು ಊರು ಬಲ್ಲದು. ಸತ್ತ ಪ್ರಾಣಿಯ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಡಿ ನೋಡಿ ಸಾವಿನ ಕಾರಣವನ್ನು ನಿರ್ಣಯಿಸುವ ರೋಗಶಾಸ್ತ್ರಜ್ಞನನ್ನು ಬಲ್ಲವರು ವಿರಳ. ಆದರೆ ಬದುಕಿರುವವರ ರಕ್ಷಣೆ ಅನೇಕ ವೇಳೆ ಆ ನಿರ್ಣಯವನ್ನೇ ಅವಲಂಬಿಸಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಹಳದಿ ಜ್ವರವಿರಬಹುದೆಂಬ ಶಂಕೆ ಮೊದಲು ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಡುಕೊಂಡದ್ದು ಉಣುಗಿನಿಂದ ಹರಡುವ ಹೊಸದೊಂದು ವೈರಸ್. ಮಂಗನ ಸಾವು ಮನುಷ್ಯನಿಗೆ ಮುನ್ಸೂಚನೆ ಎಂಬ ಪಾಠ ಅಂದೇ ದೊರೆಯಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗ ಮತ್ತೆ ಉಲ್ಬಣಿಸಿದಾಗ, ಆ ಪಾಠ ಹಳತಾಗಿಲ್ಲವೆಂಬುದು ಸ್ಪಷ್ಟವಾಯಿತು.

1999ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನರಿಗೆ ಮಿದುಳಿನ ಉರಿಯೂತ ತಗುಲಿತು. ಅದೇ ದಿನಗಳಲ್ಲಿ ಕಾಗೆಗಳೂ ಸಾಯುತ್ತಿದ್ದವು. ಸೇಂಟ್ ಲೂಯಿಸ್ ಮಿದುಳು ಜ್ವರವೆಂದು ಆರೋಗ್ಯಾಧಿಕಾರಿಗಳು ನಿರ್ಧರಿಸಿದರು. ಆ ರೋಗ ಸಾಮಾನ್ಯವಾಗಿ ಹಕ್ಕಿಗಳನ್ನು ಕೊಲ್ಲದು. ಆದುದರಿಂದ ಎರಡೂ ಸಾವುಗಳಿಗೆ ಬೇರೊಂದೇ ಕಾರಣವಿರಬೇಕೆಂದು ಬ್ರಾಂಕ್ಸ್ ಮೃಗಾಲಯದ ಪಶು ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರ ಪಟ್ಟು ಹಿಡಿದರು. ಅದು ವೆಸ್ಟ್ ನೈಲ್ ವೈರಸ್ ಎಂಬುದು ಅನಂತರ ದೃಢಪಟ್ಟಿತು. ಹಕ್ಕಿಯ ವೈದ್ಯರೂ ಮನುಷ್ಯರ ವೈದ್ಯರೂ ಮೊದಲೇ ಒಂದೆಡೆ ಕುಳಿತಿದ್ದರೆ ಕಾಲಹರಣ ತಪ್ಪುತ್ತಿತ್ತು.

ಆದುದರಿಂದ ಇಂತಹ ಸಮ್ಮೇಳನದ ಯೋಜನೆಯೆಂದರೆ ಸಭಾಂಗಣ, ಊಟ, ವಸತಿಗಳ ಏರ್ಪಾಡು ಮಾತ್ರವಲ್ಲ. ಯಾರು ಯಾರೊಡನೆ ಮಾತನಾಡಬೇಕೆಂಬ ನಿರ್ಧಾರವೂ ಹೌದು.

ಮೊದಲನೆಯದು ಕಾಲ. ಮಂಗನ ಕಾಯಿಲೆ ಹೆಚ್ಚಾಗುವುದು ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಸಮ್ಮೇಳನ ನಡೆದರೆ ಮಲೆನಾಡಿನ ವೈದ್ಯರು ಕಾಡಂಚನ್ನು ಬಿಟ್ಟು ಬರಲಾಗದು. ಅವರ ಅನುಭವವೇ ಸಭೆಗೆ ಬಾರದು.

ಎರಡನೆಯದು ಗೋಷ್ಠಿಗಳು. ಪ್ರಕರಣದ ಸ್ಲೈಡುಗಳನ್ನು ಮುಂಚಿತವಾಗಿ ಹಂಚಿ, ಪ್ರತಿಯೊಬ್ಬರೂ ತಮ್ಮ ನಿರ್ಣಯ ಮಂಡಿಸಿ ವಾದಿಸುವ ಪದ್ಧತಿ ಈ ಶಾಸ್ತ್ರದಲ್ಲಿ ಹಿಂದಿನಿಂದಲೂ ಇದೆ. ಅದರೊಂದಿಗೆ ತಾಲ್ಲೂಕು ವೈದ್ಯರಿಗಾಗಿ ಮಾದರಿ ಸಂಗ್ರಹದ ತರಬೇತಿಯೂ ಇರಬೇಕು. ಸೂಕ್ಷ್ಮದರ್ಶಕಕ್ಕೆ ಬೇಕಾದ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿಡಬೇಕು. ಆದರೆ ಫಾರ್ಮಲಿನ್ ವೈರಸ್ಸನ್ನು ಕೊಲ್ಲುವುದರಿಂದ, ವೈರಸ್ ಬೆಳೆಸಿ ಗುರುತಿಸಬೇಕಾದ ಮಾದರಿ ಅದರ ಸಂಪರ್ಕವಿಲ್ಲದೆ ತಂಪಿನಲ್ಲಿಯೇ ಪ್ರಯೋಗಾಲಯ ಸೇರಬೇಕು. ಶವ ಕೊಳೆತ ಮೇಲೆ ಎಂತಹ ಪಂಡಿತನಿಗೂ ಅದು ಸ್ಪಷ್ಟ ಉತ್ತರ ಕೊಡದು.

ಮೂರನೆಯದು ಹಣ. ಔಷಧ ತಯಾರಕರ ನೆರವಿನಿಂದ ವೈದ್ಯಕೀಯ ಸಮ್ಮೇಳನಗಳು ನಡೆಯುವುದುಂಟು. ನೆರವು ತಪ್ಪಲ್ಲ, ಅದು ವಿಷಯಸೂಚಿಯನ್ನು ಬರೆಯಕೂಡದು. ರಣಹದ್ದುಗಳ ಕಥೆಯನ್ನು ಇಲ್ಲಿ ನೆನೆಯಬೇಕು. ಅವು 1990ರ ದಶಕದಿಂದ ಭಾರತದ ಆಕಾಶದಿಂದ ಮರೆಯಾಗತೊಡಗಿದವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದವು. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಸೀಳಿ ನೋಡಿದಾಗ ಮೂತ್ರಪಿಂಡಗಳು ಹಾಳಾಗಿದ್ದವು. ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿಯ ಲೇಪವಿತ್ತು. ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನಾಕ್ ಇದಕ್ಕೆ ಕಾರಣವೆಂದು 2004ರಲ್ಲಿ ಪ್ರಕಟವಾಯಿತು. ಭಾರತವು 2006ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನೂ ನಿಷೇಧಿಸಿತು. ಮದ್ದಿನ ದೋಷವನ್ನು ಮುಕ್ತವಾಗಿ ನುಡಿಯಲಾಗದ ವೇದಿಕೆಯಿಂದ ಇಂತಹ ಸತ್ಯ ಹೊರಬರಲಾರದು.

ನಾಲ್ಕನೆಯದು ಆಹ್ವಾನ. ಅರಣ್ಯ ಕಾವಲುಗಾರ, ಆಶಾ ಕಾರ್ಯಕರ್ತೆ, ದನ ಮೇಯಿಸುವವರು, ಸೊಪ್ಪು ಸೌದೆಗೆ ಕಾಡಿಗೆ ಹೋಗುವ ಹೆಂಗಸರು: ಸತ್ತ ಮಂಗವನ್ನು ಮೊದಲು ಕಾಣುವವರು ಇವರೇ. ಕನ್ನಡದಲ್ಲಿ ಒಂದು ಗೋಷ್ಠಿಯಾದರೂ ನಡೆದು, ಇವರು ಹೇಳುವುದನ್ನು ತಜ್ಞರು ಕೇಳಬೇಕು. ತಾವು ಕಳುಹಿಸಿದ ಸುದ್ದಿಗೆ ಉತ್ತರವೇ ಬಾರದಿದ್ದರೆ ಮುಂದಿನ ಸಲ ಯಾರೂ ಸುದ್ದಿ ಕಳುಹಿಸರು. ಫಲಿತಾಂಶವು ಇಷ್ಟು ದಿನಗಳೊಳಗೆ ಹಳ್ಳಿಗೆ ಮರಳಬೇಕೆಂಬ ನಿರ್ಣಯವನ್ನು ಸಮ್ಮೇಳನ ಕೈಗೊಂಡರೆ, ಅದು ಹತ್ತು ಪ್ರಬಂಧಗಳಿಗೆ ಸಮಾನ.

ಹಳ್ಳಿಗರಿಗೂ ಒಂದು ಕರ್ತವ್ಯವಿದೆ. ಸತ್ತ ಮಂಗವನ್ನು ಮುಟ್ಟಬಾರದು, ಸಮೀಪ ಸುಳಿಯಲೂಬಾರದು. ಶವ ತಣ್ಣಗಾದಂತೆ ಉಣುಗುಗಳು ಅದನ್ನು ಬಿಟ್ಟು ಸುತ್ತಲ ತರಗೆಲೆಗೆ ಇಳಿಯುತ್ತವೆ. ಸ್ಥಳವನ್ನು ಗುರುತಿಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ಅರಣ್ಯ ಇಲಾಖೆಗಾಗಲಿ ಅಂದೇ ತಿಳಿಸಬೇಕು.

ಕಾಡಿನಲ್ಲಿ ಬಿದ್ದ ಒಂದು ಮಂಗನಿಂದ ಸೂಕ್ಷ್ಮದರ್ಶಕದವರೆಗಿನ ದಾರಿ ದೂರದ್ದು. ಆ ದಾರಿಯನ್ನು ಹತ್ತಿರವಾಗಿಸುವ ಸಮ್ಮೇಳನವೇ ಸಾರ್ಥಕ ಸಮ್ಮೇಳನ.