ಒಂದೇ ಕಂಪನಿಯನ್ನು ನಂಬಿದ ಊರು

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ವಿಮಾನ ನಿಲ್ದಾಣದ ಮಾತು ನಮಗೇಕೆ ಎಂದು ನೀವು ಕೇಳಬಹುದು. ನಾವು ಹೇಳಹೊರಟಿರುವುದು ವಿಮಾನದ ವೈಭವವನ್ನಲ್ಲ. ಒಂದೇ ಕಂಪನಿಯನ್ನು ನಂಬಿದ ಒಂದು ಊರಿನ ಪಾಡನ್ನು. ಆ ಊರು ಅಮೆರಿಕದ ಪಿಟ್ಸ್‌ಬರ್ಗ್.

ಅದು ಉಕ್ಕಿನ ಊರು. ಅದರ ನೆರೆಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ೧೮೯೨ರಲ್ಲಿ ನಡೆದ ಹೋರಾಟವನ್ನು ಕಾರ್ಮಿಕ ಚರಿತ್ರೆ ಓದಿದವರೆಲ್ಲ ಬಲ್ಲರು. ಆ ಕಾರ್ಖಾನೆ ೧೯೮೬ರಲ್ಲಿ ಮುಚ್ಚಿತು. ಉಕ್ಕಿನ ಕುಲುಮೆಗಳು ಒಂದೊಂದಾಗಿ ಆರಿದ ಮೇಲೆ, ಊರಿನ ಮುಖಂಡರ ಕಣ್ಣು ಯು.ಎಸ್.ಏರ್ ಎಂಬ ವಿಮಾನ ಕಂಪನಿಯ ಮೇಲೆ ನೆಟ್ಟಿತು. ಆ ಕಂಪನಿ ಪಿಟ್ಸ್‌ಬರ್ಗನ್ನು ತನ್ನ ಕೇಂದ್ರ ನಿಲ್ದಾಣ ಮಾಡಿಕೊಂಡಿತ್ತು.

ಕೇಂದ್ರ ನಿಲ್ದಾಣವೆಂದರೇನು? ನಮ್ಮ ಅರಸೀಕೆರೆ, ಗುಂತಕಲ್ಲು ಜಂಕ್ಷನ್ನುಗಳನ್ನು ನೆನೆಯಿರಿ. ನಾಲ್ಕು ದಿಕ್ಕಿನಿಂದ ಬಂದವರು ಇಳಿದು, ಕಾಫಿ ಕುಡಿದು, ಬೇರೆ ಗಾಡಿ ಹತ್ತುತ್ತಾರೆ. ಗದ್ದಲ ಬಹಳ, ಆದರೆ ಅವರಿಗೆ ಆ ಊರಿನಲ್ಲಿ ಕೆಲಸವಿಲ್ಲ. ಪಿಟ್ಸ್‌ಬರ್ಗಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಪ್ರಯಾಣಿಕರು ವಿಮಾನ ಬದಲಿಸುವವರೇ.

ಆ ಕಂಪನಿಯ ಅನುಕೂಲಕ್ಕೆ ತಕ್ಕಂತೆ ಸುಮಾರು ೧೦೦ ಕೋಟಿ ಡಾಲರ್ ಖರ್ಚಿನಲ್ಲಿ ಹೊಸ ನಿಲ್ದಾಣವನ್ನು ಕಟ್ಟಿ ೧೯೯೨ರಲ್ಲಿ ತೆರೆದರು. ನಿಲ್ದಾಣ ಸಾರ್ವಜನಿಕರದು, ಅದರ ಅಳತೆ ಮಾತ್ರ ಕಂಪನಿಯದು. ೧೯೯೭ರಲ್ಲಿ ಎರಡು ಕೋಟಿಗೂ ಮಿಕ್ಕಿ ಪ್ರಯಾಣಿಕರು ಬಂದುಹೋದರು. ದಿನಕ್ಕೆ ೫೦೦ಕ್ಕೂ ಹೆಚ್ಚು ವಿಮಾನಗಳು ಏರಿದವು. ಕಂಪನಿಯಲ್ಲಿ ಆ ಊರಿನ ಸುಮಾರು ೧೨ ಸಾವಿರ ಮಂದಿ ದುಡಿಯುತ್ತಿದ್ದರು. ಆದರೆ ಎದುರಾಳಿಯಿಲ್ಲದ ಕಂಪನಿ ಸ್ಥಳೀಯ ಪ್ರಯಾಣಿಕನಿಂದ ದುಬಾರಿ ದರ ವಸೂಲು ಮಾಡುತ್ತಿತ್ತು. ಸಂತೆಯ ಕಟ್ಟೆಗಳನ್ನೆಲ್ಲ ಒಬ್ಬನೇ ಸಾಹುಕಾರ ಹಿಡಿದರೆ ಬೆಲೆ ಏನಾಗುವುದೆಂದು ವರ್ತಕ ಮಿತ್ರರಿಗೆ ನಾವು ಹೇಳಬೇಕಾಗಿಲ್ಲ.

೨೦೦೨ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ೨೦೦೪ರಲ್ಲಿ ಮತ್ತೊಮ್ಮೆ ಹಾಕಿತು. ಅದೇ ವರ್ಷ ಪಿಟ್ಸ್‌ಬರ್ಗಿನ ಕೇಂದ್ರ ಪದವಿಯನ್ನು ಕಿತ್ತುಹಾಕಿತು. ಕೆಲವೇ ವರ್ಷಗಳಲ್ಲಿ ಅದರ ವಿಮಾನಗಳು ದಿನಕ್ಕೆ ನೂರಕ್ಕಿಂತ ಕೆಳಗಿಳಿದವು. ವಿಮಾನ ಚಾಲಕರ ಪಿಂಚಣಿ ಯೋಜನೆ ೨೦೦೩ರಲ್ಲಿ ಮುರಿದುಬಿತ್ತು. ಯಂತ್ರಕೆಲಸಗಾರರ ಮತ್ತು ವಿಮಾನ ಪರಿಚಾರಕರ ಯೋಜನೆಗಳು ೨೦೦೫ರಲ್ಲಿ ಅದೇ ದಾರಿ ಹಿಡಿದವು. ಸರ್ಕಾರದ ಪಿಂಚಣಿ ವಿಮಾ ಸಂಸ್ಥೆ ಹೊಣೆ ಹೊತ್ತಿತು, ಆದರೆ ಅದಕ್ಕೆ ಕಾನೂನಿನ ಮಿತಿಯುಂಟು. ಕಂಪನಿ ಹೋಯಿತು, ಕಟ್ಟಡದ ಸಾಲವೂ ಖಾಲಿ ದ್ವಾರಗಳೂ ಊರಿನ ಪಾಲಿಗೆ ಉಳಿದವು. ೨೦೧೩ರ ಹೊತ್ತಿಗೆ ಪ್ರಯಾಣಿಕರ ಸಂಖ್ಯೆ ೮೦ ಲಕ್ಷಕ್ಕೂ ಕೆಳಗಿಳಿದಿತ್ತು.

ಊರು ಮುಗಿಯಿತೆಂದು ಹೇಳಿದವರು ಹಲವರು. ಆದರೆ ಮುಗಿಯಲಿಲ್ಲ. ೨೦೦೫ರ ಮೇ ತಿಂಗಳಲ್ಲಿ ಸೌತ್‌ವೆಸ್ಟ್ ಕಂಪನಿ ಬಂದಿತು; ಫಿಲಡೆಲ್ಫಿಯಾ ದಾರಿಯ ದರ ಥಟ್ಟನೆ ಇಳಿಯಿತು. ೨೦೧೨ರಲ್ಲಿ ಅದು ಆ ದಾರಿಯನ್ನು ಬಿಟ್ಟೊಡನೆ ದರ ಮತ್ತೆ ಏರಿತು. ಸ್ಪರ್ಧೆಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

೨೦೧೩ರಲ್ಲಿ ನಿಲ್ದಾಣದ ನೆಲದಡಿಯ ಅನಿಲವನ್ನು ಗುತ್ತಿಗೆ ಕೊಟ್ಟು ೫ ಕೋಟಿ ಡಾಲರ್ ಮುಂಗಡ ಪಡೆದರು. ಈ ಆದಾಯದಿಂದ ವಿಮಾನ ಕಂಪನಿಗಳ ಮೇಲಿನ ಶುಲ್ಕದ ಹೊರೆ ಹಗುರಾಯಿತು. ೨೦೧೫ರಲ್ಲಿ ಕ್ರಿಸ್ಟಿನಾ ಕ್ಯಾಸೋಟಿಸ್ ಆಡಳಿತ ವಹಿಸಿಕೊಂಡರು. ಹೋದ ಕೇಂದ್ರ ಪದವಿಗಾಗಿ ಕಾದು ಕೂಡುವುದನ್ನು ಬಿಟ್ಟು, ಈ ಊರಿನಿಂದ ಹೊರಡುವವರು ಯಾರು, ಇಲ್ಲಿಗೆ ಬರುವವರು ಯಾರು ಎಂದು ಲೆಕ್ಕ ಹಾಕಿ, ಹಲವು ಕಂಪನಿಗಳನ್ನು ಕರೆದರು. ನೇರ ಸಂಪರ್ಕವಿದ್ದ ಊರುಗಳು ಮೂವತ್ತರ ಚಿಲ್ಲರೆಯಿಂದ ಕೆಲವೇ ವರ್ಷಗಳಲ್ಲಿ ೬೦ನ್ನು ದಾಟಿದವು. ೨೦೧೯ರ ಏಪ್ರಿಲ್‌ನಲ್ಲಿ ಲಂಡನ್ನಿಗೆ ನೇರ ವಿಮಾನ ಹೊರಟಿತು. ಪ್ರಯಾಣಿಕರು ಒಂದು ಕೋಟಿಯ ಸಮೀಪಕ್ಕೆ ಬಂದರು. ಜನ ಹಿಂದಿನ ಅರ್ಧದಷ್ಟೇ; ಆದರೆ ಬಹುಮಟ್ಟಿಗೆ ಆ ಊರಿಗೇ ಬಂದವರು, ಆ ಊರಿನಿಂದಲೇ ಹೊರಟವರು.

ಎಡವಿದ್ದೂ ಉಂಟು. ಒನ್‌ಜೆಟ್ ಎಂಬ ಸಣ್ಣ ಕಂಪನಿಗೆ ಆಡಳಿತವು ೧೦ ಲಕ್ಷ ಡಾಲರ್ ಕೊಟ್ಟಿತು. ೨೦೧೮ರಲ್ಲಿ ಕಂಪನಿ ನಿಂತುಹೋಯಿತು, ವ್ಯವಹಾರ ನ್ಯಾಯಾಲಯಕ್ಕೆ ಹೋಯಿತು. ಐಸ್‌ಲ್ಯಾಂಡಿನ ವಾವ್ ಕಂಪನಿ ೨೦೧೭ರಲ್ಲಿ ಬಂದು ೨೦೧೯ರ ಆರಂಭದಲ್ಲೇ ಹೊರಟುಹೋಯಿತು. ಆದರೆ ಒಬ್ಬರು ಹೋದರೆಂದು ಈ ಸಲ ನಿಲ್ದಾಣ ಕುಸಿಯಲಿಲ್ಲ. ಹಲವು ಕಾಲುಗಳ ಮೇಲೆ ನಿಂತುದರ ಲಾಭವಿದು. ೨೦೨೫ರ ನವೆಂಬರ್‌ನಲ್ಲಿ ಸುಮಾರು ೧೭೦ ಕೋಟಿ ಡಾಲರ್ ವೆಚ್ಚದ ಹೊಸ ಕಟ್ಟಡ ತೆರೆಯಿತು. ಅದು ಒಂದು ಕಂಪನಿಯ ವೇಳಾಪಟ್ಟಿಗಾಗಿ ಕಟ್ಟಿದ್ದಲ್ಲ, ಊರಿನ ಪ್ರಯಾಣಿಕರಿಗಾಗಿ ಕಟ್ಟಿದ್ದು.

ಹಾಗಾದರೆ ಎಲ್ಲವೂ ಸರಿಹೋಯಿತೆ? ಇಲ್ಲಿ ಎರಡು ಖಾತೆಗಳಿವೆ ಎಂದು ನಾವು ಹೇಳುತ್ತೇವೆ. ಪ್ರಯಾಣಿಕರ ಖಾತೆಯಲ್ಲಿ ಬೆಳವಣಿಗೆ ಕಾಣುತ್ತದೆ. ಪತ್ರಿಕೆಗಳು ಅದನ್ನು ದಪ್ಪಕ್ಷರದಲ್ಲಿ ಹಾಕುತ್ತವೆ. ದುಡಿದವರ ಖಾತೆಯನ್ನು ಯಾರೂ ತೆರೆಯುವುದಿಲ್ಲ. ಐವತ್ತರ ವಯಸ್ಸಿನಲ್ಲಿ ಕೆಲಸ ಹೋದ ಯಂತ್ರಕೆಲಸಗಾರನಿಗೆ ಹದಿನೈದು ವರ್ಷ ಕಳೆದು ಬಂದ ಲಂಡನ್ ವಿಮಾನದಿಂದ ಏನು ಬಂತು? ಊರು ಚೇತರಿಸಿಕೊಂಡಿತೆಂಬುದು ನಿಜ. ಅವನು ಚೇತರಿಸಿಕೊಂಡನೆಂದು ಅದರಿಂದ ಸಿದ್ಧವಾಗುವುದಿಲ್ಲ.

ಆದುದರಿಂದ, ಬಂಧುಗಳೆ, ಯಾವ ಕಂಪನಿಯೇ ಆಗಲಿ, ನೆಲ ಕೊಡಿ, ರಸ್ತೆ ಕೊಡಿ, ತೆರಿಗೆ ಬಿಡಿ ಎಂದು ಬಂದಾಗ, ಹೋಗುವ ದಿನದ ಕರಾರನ್ನು ಬರುವ ದಿನವೇ ಬರೆಸಿಕೊಳ್ಳಬೇಕು. ಸಾಲಕ್ಕೆ ಹೊಣೆ ಯಾರು, ಪಿಂಚಣಿ ನಿಧಿಯ ಕೀಲಿ ಯಾರ ಕೈಯಲ್ಲಿ ಎಂಬುದು ಆ ಕಾಗದದಲ್ಲಿ ಇರಬೇಕು. ಸಾರ್ವಜನಿಕ ಹಣದಿಂದ ಕಟ್ಟಿದ ಬಾಗಿಲು ಒಬ್ಬನಿಗೇ ಮೀಸಲಾಗಬಾರದು. ಇದು ವಿಮಾನ ನಿಲ್ದಾಣಕ್ಕೆ ಸಲ್ಲುವ ಮಾತಷ್ಟೇ ಅಲ್ಲ. ಗಿರಣಿಗೂ ಸಲ್ಲುತ್ತದೆ, ಮಾರುಕಟ್ಟೆಗೂ ಸಲ್ಲುತ್ತದೆ.